ಬುರಿಟೊ ಅರ್ಧಕ್ಕೇ ಹರಿದು ಸೋರೋದು ಯಾಕೆ?

ಪ್ರಶ್ನೆ
ಮಧ್ಯಾಹ್ನ ಫುಡ್ ಕೋರ್ಟ್ ಕೌಂಟರಿನಲ್ಲಿ ತಗೊಂಡ ಬುರಿಟೊ (ಟೋರ್ಟಿಯಾ ಅನ್ನೋ ತೆಳು ಮೈದಾ ರೊಟ್ಟಿಯಲ್ಲಿ ಅನ್ನ, ಬೀನ್ಸ್ ಕಾಳು, ಚೀಸ್ ಸುತ್ತಿದ ತಿಂಡಿ). ಮೊದಲ ನಾಲ್ಕು ತುತ್ತು ಬರೀ ಅನ್ನ, ಆಮೇಲೆ ಬರೀ ಸವರ್ ಕ್ರೀಮ್ (ಹುಳಿ ಕೆನೆ), ತಳದಲ್ಲಿ ಕೆಂಪು ನೀರು. ಚೀಸ್ ಕರಗೇ ಇರಲಿಲ್ಲ. ಅರ್ಧ ಆಗೋಷ್ಟರಲ್ಲಿ ಟೋರ್ಟಿಯಾ ಹರೀತು. ಸಾಮಾನು ಕೆಟ್ಟದ್ದಾ, ಸುತ್ತಿದ್ದು ಸರಿ ಇಲ್ವಾ?

ಉತ್ತರ 1
ಹರಿಯೋದಕ್ಕೆ ಮೊದಲ ಕಾರಣ ತಣ್ಣಗಿನ ಟೋರ್ಟಿಯಾ. ಮೈದಾದ ಪಿಷ್ಟ ತಣ್ಣಗಾದಾಗ ಬಿಗಿಯುತ್ತೆ, ಮಡಚಿದ ಕಡೆ ಬಿರುಕು ಬಿಡುತ್ತೆ. 15–20 ಸೆಕೆಂಡ್ ಹಬೆ ಕೊಟ್ಟರೆ ಒದ್ದೆ ಬಟ್ಟೆ ಥರ ಕೈಮೇಲೆ ಜೋತುಬೀಳಬೇಕು. ಅಂಚು ಇನ್ನೂ ಸೆಟೆದಿದ್ದರೆ "ಇನ್ನೊಂದು ಸಲ ಹಬೆ ಕೊಡಿ" ಅಂತ ಕೇಳಿ. ಹಬೆ ಅತಿಯಾದರೂ ಕಷ್ಟ, ಅಂಟಂಟಾಗಿ ತೂತು ಬೀಳುತ್ತೆ. 12 ಇಂಚಿನ ಟೋರ್ಟಿಯಾಗೆ ಎರಡು ಕಪ್ ಹೂರಣ ಸಾಕು. ಅದಕ್ಕಿಂತ ಹೆಚ್ಚು ತುಂಬಿದರೆ ಅಂಚಿಗೆ ಅಂಚು ಕೂಡಲ್ಲ.

ಉತ್ತರ 2
ಕೆಂಪು ನೀರು ಟೊಮೇಟೊ ಸಾಲ್ಸಾದ್ದು, ಅಂದರೆ ಹೆಚ್ಚಿದ ಟೊಮೇಟೊ ಚಟ್ನಿಯದ್ದು. ಉಪ್ಪು ಬಿದ್ದ ಟೊಮೇಟೊ ನೀರು ಬಿಡುತ್ತಾ ಹೋಗುತ್ತೆ. ಬೆಳಿಗ್ಗೆ ಕಲಸಿಟ್ಟ ತಟ್ಟೆಯಲ್ಲಿ ಮಧ್ಯಾಹ್ನಕ್ಕೆ ತಳದ ತುಂಬಾ ರಸ. ತೂತಿನ ಸೌಟಲ್ಲಿ ಎತ್ತಿ, ತಟ್ಟೆಯ ಅಂಚಿಗೆ ಒತ್ತಿ ಬಸಿದು ಹಾಕಬೇಕು. ಬೀನ್ಸಿಗೂ ಹಾಗೇ.

ತುತ್ತಿಗೊಂದು ರುಚಿ ಬಂದದ್ದು ಗುಡ್ಡೆ ಹಾಕಿದ್ದರಿಂದ. ಅನ್ನ ಒಂದು ಕಡೆ, ಕ್ರೀಮ್ ಇನ್ನೊಂದು ಕಡೆ ಹಾಕಿ ಸುತ್ತಿದರೆ ಅದು ಅಲ್ಲೇ ಉಳಿಯುತ್ತೆ. ಪ್ರತಿಯೊಂದನ್ನೂ ಸುರುಳಿಯ ಉದ್ದಕ್ಕೂ ಪಟ್ಟಿಯಾಗಿ ಹರಡಬೇಕು. ರಸ ಹೀರೋದಕ್ಕೆ ಅನ್ನ ಕೆಳಗೆ, ಅದರ ಮೇಲೆ ಬಿಸಿ ಬೀನ್ಸ್, ತಕ್ಷಣ ಚೀಸ್. ತಣ್ಣಗಿನ ಕ್ರೀಮ್ ಮೇಲೆ ಉದುರಿಸಿದ ಚೀಸ್ ಹೇಗೆ ಕರಗೀತು?

ಉತ್ತರ 3
ಎರಡೂ ಸರಿ, ಆದರೆ ಮುಚ್ಚೋದನ್ನ ಯಾರೂ ಹೇಳಲಿಲ್ಲ. ಎಡಬಲದ ಅಂಚು ಒಳಕ್ಕೆ, ಆಮೇಲೆ ಹತ್ತಿರದ ಅಂಚನ್ನು ಹೂರಣದ ಮೇಲೆ ಎಳೆದು, ಬೆರಳಿನಿಂದ ಒಳಕ್ಕೆ ಬಿಗಿಯಾಗಿ ಸಿಕ್ಕಿಸಿ ಉರುಳಿಸಬೇಕು. ಕಾವಲಿ ಇದ್ದರೆ ಕೂಡಿದ ಭಾಗ ಕೆಳಗೆ ಮಾಡಿ ಅರ್ಧ ನಿಮಿಷ ಇಡಿಸಿ, ಅಂಟಿಕೊಳ್ಳುತ್ತೆ. ಹಬೆ ಕೊಟ್ಟ ದೊಡ್ಡ ಟೋರ್ಟಿಯಾ, ಒಳಗೆ ಅನ್ನ, ಹೊರಗೆ ಫಾಯಿಲ್: ಇದು ಸ್ಯಾನ್ ಫ್ರಾನ್ಸಿಸ್ಕೋದ ಮಿಷನ್ ಬಡಾವಣೆಯಲ್ಲಿ 1960ರ ದಶಕದಲ್ಲಿ ಬೆಳೆದ ಪದ್ಧತಿ. ಫಾಯಿಲ್ ಪೂರ್ತಿ ಬಿಚ್ಚಬೇಡಿ, ತಿಂದಷ್ಟೇ ಕೆಳಕ್ಕೆ ಸುಲಿಯಿರಿ. ಸುತ್ತಿಟ್ಟು ಅರ್ಧ ಗಂಟೆ ಬಿಟ್ಟರೆ ಒಳಗಿನ ಹಬೆಗೇ ಟೋರ್ಟಿಯಾ ಅತಿಯಾಗಿ ಮೆತ್ತಗಾಗಿ ಹರಿಯುತ್ತೆ.

ಅನ್ನ ಉಗುರುಬೆಚ್ಚಗಿದ್ದರೆ ಮಾತ್ರ ಬೇಡವೇ ಬೇಡ ಅನ್ನಿ. 60 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗೆ ಗಂಟೆಗಟ್ಟಲೆ ಇಟ್ಟ ಅನ್ನದಲ್ಲಿ ಬ್ಯಾಸಿಲಸ್ ಸೀರಿಯಸ್ ಅನ್ನೋ ಬ್ಯಾಕ್ಟೀರಿಯಾ ಬೆಳೆದು ವಾಂತಿ ತರಿಸಬಹುದು, ಮತ್ತೆ ಬಿಸಿ ಮಾಡಿದರೂ ಅದರ ವಿಷ ಹೋಗಲ್ಲ.

ಪ್ರಶ್ನೆ ಕೇಳಿದವರು
ಕ್ಯೂ ಇರುವಾಗ ಇಷ್ಟೆಲ್ಲ ಹೇಳೋಕೆ ಆಗುತ್ತಾ?

ಉತ್ತರ 2
ಮೊದಲ ಸೌಟು ಬೀಳೋ ಮುಂಚೆ ಎರಡೇ ಮಾತು: "ಚೀಸ್ ಬೀನ್ಸ್ ಮೇಲೆ, ಸಾಲ್ಸಾ ಬಸಿದು."