ವೇಷ ಹಾಕಿಕೊಂಡು ಕಾಮಿಕ್ ಕಾನ್‌ಗೆ ಹೋಗುವುದರಲ್ಲಿ ಅಂಥದ್ದೇನಿದೆ?

ದೂರದ ನೋಡುಗ:
ನನ್ನ ತಂಗಿ ಯಾವುದೋ ಗೇಮ್‌ನ ಯೋಧೆಯ ಕವಚ ಮಾಡುತ್ತಿದ್ದಾಳೆ. ಮನೆ ತುಂಬ ಫೋಮ್ ಚೂರು, ಅಂಟಿನ ವಾಸನೆ. ಇಷ್ಟೆಲ್ಲ ಒಂದೇ ಒಂದು ದಿನ ಹಾಕಿಕೊಳ್ಳುವುದಕ್ಕೆ! ಕಾಮಿಕ್ಸ್, ಗೇಮ್ ಅಭಿಮಾನಿಗಳು ಸೇರುವ ಕಾಮಿಕ್ ಕಾನ್ ಮೇಳಕ್ಕೆ ನನ್ನನ್ನೂ ಬಾ ಎಂದು ಪೀಡಿಸುತ್ತಿದ್ದಾಳೆ. ನನಗೂ ಕಾಮಿಕ್ಸ್, ಅನಿಮೆ (ಜಪಾನಿ ಕಾರ್ಟೂನ್) ಇಷ್ಟವೇ. ಆದರೆ ಮನೆಯಲ್ಲಿ ಕೂತು ನೋಡಿದರೆ ಸಾಲದಾ? ಆ ನೂಕುನುಗ್ಗಲು, ಕ್ಯೂ, ಅದರ ಮೇಲೆ ವೇಷ ಬೇರೆ. ಗೇಲಿ ಮಾಡುತ್ತಿಲ್ಲ, ನಿಜವಾಗಿಯೂ ಅರ್ಥವಾಗದೆ ಕೇಳುತ್ತಿದ್ದೇನೆ.

ಪುಟ ತಿರುಗಿಸುವವ:
ವೇಷ ಕಡ್ಡಾಯ ಏನಲ್ಲ. ಜೀನ್ಸ್, ಟೀ ಶರ್ಟ್‌ನಲ್ಲಿ ಹೋಗಿ. ನಾನು ಹೋಗುವುದೇ ಚಿತ್ರಕಾರರ ಟೇಬಲ್‌ಗಳಿಗಾಗಿ. ಬಿಡಿಸಿದವರೇ ಎದುರಿಗೆ ಕೂತಿರುತ್ತಾರೆ, ಮಾತಾಡಿಸಬಹುದು.

ಸೂಜಿದಾರ:
‘ಒಂದು ದಿನ ಬೇರೆಯವರಾಗುವ ಖುಷಿ’ ಎಂದು ಎಲ್ಲರೂ ಹೇಳುತ್ತಾರೆ. ನನಗೆ ಅದು ಒಪ್ಪಿಗೆಯಿಲ್ಲ. ಹೆಲ್ಮೆಟ್ ಒಳಗೆ ಬೆವರು ಇಳಿಯುತ್ತಿರುವಾಗ, ಮೂಗು ತುರಿಸಿದರೂ ಕೈ ಹಾಕಲಾಗದೆ ನಿಂತಿರುವಾಗ ನಾನು ಯಾವ ಯೋಧನೂ ಅಲ್ಲ, ನಾನೇ ಎಂಬುದು ಚೆನ್ನಾಗಿ ಗೊತ್ತಾಗುತ್ತದೆ. ನನ್ನನ್ನು ಅಲ್ಲಿಗೆ ಎಳೆಯುವುದು ಬೇರೆ. ಕೈಯಾರೆ ಮಾಡಿದ್ದನ್ನು ಕೆಲಸ ಬಲ್ಲವರು ನೋಡುತ್ತಾರಲ್ಲ, ಅದು.

ಬೇರೆ ಕಡೆ ತೋರಿಸಿದರೆ ‘ಚೆನ್ನಾಗಿದೆ’ ಎಂದು ಮುಗಿಸುತ್ತಾರೆ. ಕಳೆದ ಸಲ ಒಬ್ಬ ಹುಡುಗಿ ನನ್ನ ಮುಖವನ್ನೇ ನೋಡಲಿಲ್ಲ. ಸೀದಾ ಭುಜದ ಹತ್ತಿರ ಬಗ್ಗಿದಳು. ‘ಇದು ಫೋಮ್ ಅಲ್ವಾ? ಜೋಡಿಸಿದ ಗೆರೆ ಎಲ್ಲಿ ಹೋಯಿತು?’ ಅಂದಳು. ನನಗೆ ಬೇಕಾದದ್ದು ಅದೇ ಪ್ರಶ್ನೆ! ಎರಡೂ ಅಂಚಿಗೆ ಅಂಟು ಸವರಿ, ಬೆರಳಿಗೆ ಹತ್ತದಷ್ಟು ಒಣಗಲು ಬಿಟ್ಟು ಆಮೇಲೆ ಒತ್ತಬೇಕು. ಅವಸರ ಮಾಡಿದರೆ ಬಿಟ್ಟುಕೊಳ್ಳುತ್ತದೆ. ಸಂದಿಗೆ ಫಿಲ್ಲರ್ ತುಂಬಿ ಉಜ್ಜಬೇಕು. ಬಣ್ಣಕ್ಕೆ ಮುಂಚೆ ಹೀಟ್ ಗನ್‌ನ ಬಿಸಿಗಾಳಿ ಹಾಯಿಸಿದರೆ ಫೋಮಿನ ಸಣ್ಣ ತೂತುಗಳು ಮುಚ್ಚಿಕೊಳ್ಳುತ್ತವೆ, ಇಲ್ಲದಿದ್ದರೆ ಬಣ್ಣವನ್ನೆಲ್ಲ ಅದೇ ಕುಡಿದುಬಿಡುತ್ತದೆ. ಮೊದಲು ಕಪ್ಪು, ಮೇಲೆ ಬೆಳ್ಳಿ. ಕೊನೆಗೆ ನೀರು ಬೆರೆಸಿ ತೆಳ್ಳಗೆ ಮಾಡಿದ ಕಪ್ಪು ಬಣ್ಣ ಬಳಿದು ಒರೆಸಿದರೆ ಸಂದುಗಳಲ್ಲಷ್ಟೇ ಉಳಿದು ಹಳೇ ಕಬ್ಬಿಣದ ಕಳೆ ಬರುತ್ತದೆ. ಇಷ್ಟನ್ನೂ ನಡುದಾರಿಯಲ್ಲೇ ನಿಂತು ಹೇಳಿದೆ, ಹಿಂದಿನವರು ಬೈದುಕೊಂಡರೂ. ಅವಳು ತನ್ನ ವಿಗ್‌ನ ಹಣೆಯಂಚು ತೋರಿಸಿದಳು. ಕೂದಲನ್ನು ಒಂದೊಂದೇ ಎಳೆಯಾಗಿ ಬಲೆಗೆ ಗಂಟು ಹಾಕಿದ್ದಾಳೆ. ಎಂಥ ತಾಳ್ಮೆ! ಹೆಸರು ಕೇಳುವುದು ಇಬ್ಬರಿಗೂ ನೆನಪಾಗಲಿಲ್ಲ. ನಾಲ್ಕು ಜನ ಸೇರಿದ ಕಡೆ ಬಾಯಿಯೇ ಬಿಡದ ಆಸಾಮಿ ನಾನು.

ಇನ್ನು, ಇದೇನು ಈಗಿನ ಹುಡುಗರ ಹುಚ್ಚು ಎಂದುಕೊಳ್ಳಬೇಡಿ. 1939ರಲ್ಲಿ ನ್ಯೂಯಾರ್ಕ್‌ನಲ್ಲಿ ವೈಜ್ಞಾನಿಕ ಕಥೆಗಳ ಅಭಿಮಾನಿಗಳ ಸಮ್ಮೇಳನವಾದ ವರ್ಲ್ಡ್‌ಕಾನ್ ಮೊದಲ ಸಲ ನಡೆದಾಗಲೇ ಫಾರೆಸ್ಟ್ ಆಕರ್‌ಮನ್ ಮತ್ತು ಮರ್ಟಲ್ ಡಗ್ಲಸ್ ಎಂಬ ಇಬ್ಬರು ಅಭಿಮಾನಿಗಳು ಮುಂದಿನ ಕಾಲದ ಉಡುಪು ತೊಟ್ಟು ಬಂದಿದ್ದರು. ಎರಡನ್ನೂ ಹೊಲಿದದ್ದು ಮರ್ಟಲ್. ಆದರೆ ಜನ ಜಾಸ್ತಿ ಹೇಳುವುದು ಆಕರ್‌ಮನ್ ಹೆಸರು. ಹೊಲಿದವರ ಗತಿ ಆಗಲೂ ಅಷ್ಟೇ!

ದೂರದ ನೋಡುಗ:
ಓ, ಇದು ಬೇರೆಯೇ ಲೋಕ. ಆದರೆ ತಂಗಿಯ ಕೈಯಲ್ಲೊಂದು ದೊಡ್ಡ ಕತ್ತಿ ಇದೆ. ಒಳಗೆ ಬಿಡುತ್ತಾರಾ? ಜನ ಮೈಮೇಲೆ ಬಿದ್ದು ಫೋಟೋ ತೆಗೆದರೆ?

ಗೇಟ್ ನಂಬರ್ ಎರಡು:
ಸ್ವಯಂಸೇವಕನಾಗಿ ನಿಂತ ಅನುಭವದಿಂದ ಹೇಳುತ್ತೇನೆ. ನಿಜವಾದ ಅಲಗು ಬಿಡುವುದಿಲ್ಲ. ಫೋಮಿನದ್ದಾದರೂ ನೋಡಿ, ಮುಟ್ಟಿ, ಟ್ಯಾಗ್ ಕಟ್ಟಿ ಕಳಿಸುತ್ತೇವೆ. ಕೇಳದೆ ಮುಟ್ಟುವಂತಿಲ್ಲ, ಕೇಳದೆ ಫೋಟೋ ಇಲ್ಲ. ವೇಷ ಹಾಕಿದ್ದೇ ಒಪ್ಪಿಗೆ ಅಲ್ಲ ಎಂಬ ಬೋರ್ಡುಗಳನ್ನು 2014ರಲ್ಲಿ ನ್ಯೂಯಾರ್ಕ್ ಕಾಮಿಕ್ ಕಾನ್ ದೊಡ್ಡದಾಗಿ ಹಾಕಿತ್ತು. ಟೋಕಿಯೋದ ಕಾಮಿಕೆಟ್ ಎಂಬ ಕಾಮಿಕ್ಸ್ ಮೇಳದಲ್ಲಂತೂ ಮನೆಯಿಂದ ವೇಷದಲ್ಲೇ ಬರುವಂತಿಲ್ಲ, ಅಲ್ಲೇ ಬದಲಾಯಿಸಬೇಕು. ತಮಾಷೆಯ ನಿಯಮವೂ ಒಂದಿದೆ. 1972ರ ವರ್ಲ್ಡ್‌ಕಾನ್‌ಗೆ ಒಬ್ಬರು ಮೈಗೆಲ್ಲ ಪೀನಟ್ ಬಟರ್ ಮೆತ್ತಿಕೊಂಡು ಬಂದರು. ಅದು ಬೇರೆಯವರ ಬಟ್ಟೆಗೂ ಹತ್ತಿತು. ಆಮೇಲೆ ವೇಷದ ಸ್ಪರ್ಧೆಗಳಲ್ಲಿ ಪೀನಟ್ ಬಟರ್‌ಗೆ ನಿಷೇಧ!

ಸೂಜಿದಾರ:
ತಂಗಿ ನಿಮ್ಮನ್ನು ಸುಮ್ನೆ ಕರೆಯುತ್ತಿಲ್ಲ ಅನಿಸುತ್ತದೆ. ಕವಚ ಹಾಕಿದವರಿಗೆ ಜೊತೆಗೊಬ್ಬರು ಬೇಕೇ ಬೇಕು. ಹೆಲ್ಮೆಟ್ ಇದ್ದರೆ ಕಾಲಕೆಳಗಿನ ಮೆಟ್ಟಿಲು ಕಾಣದು, ಕೂರಲಾಗದು, ಬಾತ್‌ರೂಮಿಗೆ ಹೋಗುವುದೇ ಒಂದು ಸಾಹಸ. ಸೇಫ್ಟಿ ಪಿನ್, ಟೇಪ್, ಅಂಟು, ಸ್ಟ್ರಾ ಹಾಕಿದ ನೀರಿನ ಬಾಟಲಿ ಇಟ್ಟುಕೊಂಡು ಪಕ್ಕದಲ್ಲಿರಿ. ಬೆನ್ನ ಹಿಂದಿನ ಬಕಲ್ ಅವಳ ಕೈಗೆ ಎಟುಕುತ್ತದಾ, ಕೇಳಿ ನೋಡಿ.

ದೂರದ ನೋಡುಗ:
ಕೇಳಿದೆ. ಎಟುಕುವುದಿಲ್ಲವಂತೆ. ‘ಮತ್ತೆ ನಿನ್ನನ್ನ ಯಾಕೆ ಕರೆದೆ ಅಂದ್ಕೊಂಡೆ?’ ಅಂದಳು.