ಊರು ಬಿಟ್ಟು ಕದಲದ ಚಾರ್ಲ್ಸ್ ಸಿಮಿಯೋನ್ ಅವರ ಪ್ರಭಾವ ಇಷ್ಟು ದೂರ ಹಬ್ಬಿದ್ದು ಹೇಗೆ?

ತುಂಗಾತೀರ (ತೀರ್ಥಹಳ್ಳಿ):
ನಮ್ಮ ಓದುಗರ ಕೂಟದಲ್ಲಿ ಕಿಟ್ಟೆಲ್ ಅವರ 1894ರ ನಿಘಂಟಿನ ಬಗ್ಗೆ ಮಾತನಾಡಲು ಒಪ್ಪಿಕೊಂಡಿದ್ದೇನೆ. ಮಿಷನರಿಗಳು ಕನ್ನಡನಾಡಿಗೆ ಬಂದ ಹಿನ್ನೆಲೆಯನ್ನು ಹುಡುಕುತ್ತ ಹೋದಾಗ, ಚಾರ್ಲ್ಸ್ ಸಿಮಿಯೋನ್ (1759–1836) ಎಂಬ ಆಂಗ್ಲಿಕನ್ (ಇಂಗ್ಲೆಂಡಿನ ಅಧಿಕೃತ ಚರ್ಚಿಗೆ ಸೇರಿದ) ಬೋಧಕರ ಹೆಸರು ಮತ್ತೆ ಮತ್ತೆ ಎದುರಾಯಿತು. 1782ರಿಂದ ಸಾಯುವವರೆಗೆ, ಅಂದರೆ 54 ವರ್ಷ, ಅವರು ಕೇಂಬ್ರಿಜ್‌ನ ಹೋಲಿ ಟ್ರಿನಿಟಿ ಚರ್ಚೊಂದರಲ್ಲೇ ಸಭಾಪಾಲಕರಾಗಿದ್ದರು. ಬಿಷಪ್ ಆಗಲಿಲ್ಲ, ಭಾರತಕ್ಕೆ ಬರಲೂ ಇಲ್ಲ. ಅಂಥವರ ಪ್ರಭಾವ ಇಷ್ಟು ಕಾಲ ಉಳಿದದ್ದು ಪ್ರಸಂಗದ, ಅಂದರೆ ಚರ್ಚಿನಲ್ಲಿ ಮಾಡುವ ಧರ್ಮೋಪದೇಶದ, ಬಲದಿಂದಲೇ? ಬಲ್ಲವರು ತಿಳಿಸಬೇಕೆಂದು ಕೋರುತ್ತೇನೆ.

ಹಳೆಪುಸ್ತಕ (ಶಿವಮೊಗ್ಗ):
ಪ್ರಸಂಗದ ಬಲ ಇದ್ದದ್ದು ನಿಜ, ಆದರೆ ಮೊದಮೊದಲು ಅದನ್ನು ಕೇಳುವವರೇ ಇರಲಿಲ್ಲ. ಚರ್ಚಿನ ಸಭೆಯವರಿಗೆ ಪಾದ್ರಿಯಾಗಿ ಬೇರೊಬ್ಬರು ಬೇಕಾಗಿದ್ದರು. ಆಗ ಚರ್ಚಿನ ಆಸನಗಳು ಆಯಾ ಮನೆತನಗಳ ವಶದಲ್ಲಿರುತ್ತಿದ್ದುದರಿಂದ, ಅವರು ತಮ್ಮ ಆಸನಗಳ ಬಾಗಿಲಿಗೆ ಬೀಗ ಜಡಿದು ಮನೆಯಲ್ಲೇ ಉಳಿದರು. ಸಿಮಿಯೋನ್ ಸ್ವಂತ ಖರ್ಚಿನಲ್ಲಿ ನಡುದಾರಿಯಲ್ಲಿ ಹಾಕಿಸಿದ ಬೆಂಚುಗಳನ್ನೂ ಹೊರಗೆಸೆದರು. ಈ ಜಗಳ ಹತ್ತು ವರ್ಷಕ್ಕೂ ಮೀರಿ ಎಳೆಯಿತು. ಅದೇ ಊರಿನಲ್ಲಿ 1836ರಲ್ಲಿ ಅವರ ಶವಸಂಸ್ಕಾರದ ದಿನ ಅಂಗಡಿಗಳು ಮುಚ್ಚಿದ್ದವು.

ನನ್ನ ಅಭಿಪ್ರಾಯದಲ್ಲಿ ಅವರ ನಿಜವಾದ ಕೆಲಸ ನಡೆದದ್ದು ವೇದಿಕೆಯ ಮೇಲಲ್ಲ, ಕಿಂಗ್ಸ್ ಕಾಲೇಜಿನ ತಮ್ಮ ಕೋಣೆಯಲ್ಲಿ. ವಿಶ್ವವಿದ್ಯಾಲಯದಲ್ಲಿ ಪಾದ್ರಿಯಾಗಲು ಬಂದವರಿಗೆ ಪ್ರಸಂಗ ಮಾಡುವುದನ್ನು ಯಾರೂ ಕಲಿಸುತ್ತಿರಲಿಲ್ಲ. ಸಿಮಿಯೋನ್ ಈ ವಿದ್ಯಾರ್ಥಿಗಳನ್ನು ತಮ್ಮ ಕೋಣೆಗೆ ಕರೆದು, ಸತ್ಯವೇದದ (ಬೈಬಲಿನ) ಒಂದು ವಚನವನ್ನು ಎದುರಿಟ್ಟು, ಅದರಲ್ಲಿಲ್ಲದ್ದನ್ನು ಅದರ ಮೇಲೆ ಹೇರದೆ ಇರುವುದನ್ನು ಮಾತ್ರ ಹೊರತೆಗೆಯುವ ಕ್ರಮವನ್ನು ಅಭ್ಯಾಸ ಮಾಡಿಸಿದರು. ಶುಕ್ರವಾರಗಳಂದು ಚಹಾದ ಜೊತೆ ಪ್ರಶ್ನೋತ್ತರವೂ ನಡೆಯುತ್ತಿತ್ತು. 21 ಸಂಪುಟಗಳಲ್ಲಿ ಅಚ್ಚಾದ ಅವರ 2,536 ಪ್ರಸಂಗ ರೂಪುರೇಷೆಗಳು ಈ ಅಭ್ಯಾಸದ್ದೇ ವಿಸ್ತರಣೆ. ಇಪ್ಪತ್ತನೆಯ ಶತಮಾನದಲ್ಲಿ ಲಂಡನ್ನಿನ ಆಂಗ್ಲಿಕನ್ ಬೋಧಕ ಜಾನ್ ಸ್ಟಾಟ್ ಅನುಸರಿಸಿದ್ದೂ ಇದೇ ಕ್ರಮವನ್ನು.

ಭಾರತದ ಸಂಬಂಧ ಬರುವುದು ಶಿಷ್ಯರ ಮೂಲಕ. ಈಸ್ಟ್ ಇಂಡಿಯಾ ಕಂಪನಿ ವ್ಯಾಪಾರಕ್ಕೆ ಧಕ್ಕೆಯಾದೀತೆಂದು ಮಿಷನರಿಗಳನ್ನು ದೂರವಿಟ್ಟಿತ್ತು, ಆದರೆ ತನ್ನ ನೌಕರರಿಗಾಗಿ ಚಾಪ್ಲೇನರನ್ನು (ಸಂಬಳದ ಪಾದ್ರಿಗಳನ್ನು) ನೇಮಿಸಿಕೊಳ್ಳುತ್ತಿತ್ತು. ಆ ಕಿಂಡಿಯಲ್ಲೇ, ಕಂಪನಿಯಲ್ಲಿ ಪ್ರಭಾವಿಯಾಗಿದ್ದ ಚಾರ್ಲ್ಸ್ ಗ್ರಾಂಟ್ ಅವರ ನೆರವಿನಿಂದ, ಸಿಮಿಯೋನ್ ತಮ್ಮವರನ್ನು ಕಳುಹಿಸಿದರು. ಬೈಬಲಿನ ಎರಡನೆಯ ಭಾಗವಾದ ಹೊಸ ಒಡಂಬಡಿಕೆಯನ್ನು ಉರ್ದುವಿಗೆ ತಂದ ಹೆನ್ರಿ ಮಾರ್ಟಿನ್, 1835ರಲ್ಲಿ ಮದರಾಸಿನ ಮೊದಲ ಬಿಷಪ್ ಆದ ಡೇನಿಯಲ್ ಕೋರಿ ಆ ಬಳಗದವರು. ಮಾರ್ಟಿನ್ 1812ರಲ್ಲಿ, 31ರ ಹರೆಯದಲ್ಲಿ, ತುರ್ಕಿಯ ತೋಕತ್‌ನಲ್ಲಿ ತೀರಿಕೊಂಡರು. ಅವರ ಭಾವಚಿತ್ರವನ್ನು ಸಿಮಿಯೋನ್ ತಮ್ಮ ಕೋಣೆಯಲ್ಲಿ ಕೊನೆಯವರೆಗೂ ಇಟ್ಟುಕೊಂಡಿದ್ದರು.

ಮಳೆಗಾಲ (ಸಾಗರ):
ಮೇಲಿನ ವಿವರಣೆಯನ್ನು ಒಪ್ಪುತ್ತಲೇ ಒಂದು ಎಚ್ಚರಿಕೆ ಹೇಳಬೇಕು. ಕಿಟ್ಟೆಲ್ ಅವರನ್ನು ಸಿಮಿಯೋನ್ ಪರಂಪರೆಗೆ ಸೇರಿಸಬೇಡಿ. ಅವರನ್ನು ಕಳುಹಿಸಿದ ಬಾಸೆಲ್ ಮಿಷನ್ ಸ್ವಿಟ್ಜರ್ಲೆಂಡಿನದು, ಆಂಗ್ಲಿಕನ್ ಅಲ್ಲ. ನಮ್ಮ ಹಳೆ ಮೈಸೂರು ಸೀಮೆಯಲ್ಲಿ ದುಡಿದ ವೆಸ್ಲಿಯನ್ (ಮೆಥಡಿಸ್ಟ್) ಮಿಷನರಿಗಳದೂ ಬೇರೆಯೇ ದಾರಿ. ಈಸ್ಟ್ ಇಂಡಿಯಾ ಕಂಪನಿಯ ಪರವಾನಗಿಯನ್ನು ನವೀಕರಿಸಿದ 1813ರ ಸನದು (ಚಾರ್ಟರ್) ಕಾಯ್ದೆ ಮಿಷನರಿಗಳಿಗೆ ಬಾಗಿಲು ತೆರೆದದ್ದರಲ್ಲಿ ಸಿಮಿಯೋನ್ ಬಳಗದ ಒತ್ತಡವೂ ಇತ್ತು, ಮುಂದೆ 1833ರ ಕಾಯ್ದೆ ಬ್ರಿಟಿಷರಲ್ಲದವರಿಗೂ ಅವಕಾಶ ಕೊಟ್ಟ ಮೇಲೆ 1834ರಲ್ಲಿ ಬಾಸೆಲ್‌ನವರು ಮಂಗಳೂರಿಗೆ ಬಂದರು. ಸಂಬಂಧ ಇರುವುದು ಅಷ್ಟೇ.

ಇನ್ನೊಂದು, ಅಷ್ಟು ಹಿತವಲ್ಲದ ಸಂಗತಿಯೂ ಇದೆ. ಇಂಗ್ಲೆಂಡಿನಲ್ಲಿ ಚರ್ಚಿಗೆ ಪಾದ್ರಿಯನ್ನು ಹೆಸರಿಸುವ ಹಕ್ಕು ಆಸ್ತಿಯಂತೆ ಮಾರಾಟವಾಗುತ್ತಿತ್ತು. ನಮ್ಮ ಕಡೆ ದೇವಸ್ಥಾನದ ಮೊಕ್ತೇಸರಿಕೆಗಾಗಿ ಮನೆತನಗಳು ಕೋರ್ಟು ಹತ್ತುವುದನ್ನು ಕಂಡವರಿಗೆ ಇದರ ಬೆಲೆ ಗೊತ್ತು. ಸಿಮಿಯೋನ್ ಅಂಥ ಹಕ್ಕುಗಳನ್ನು ಹಣ ಕೊಟ್ಟು ಕೊಂಡು, ಆಂಗ್ಲಿಕನ್ ಚರ್ಚಿನೊಳಗಿನ ತಮ್ಮ ಪಂಥದವರೇ ನೇಮಕವಾಗುವಂತೆ ಒಂದು ಟ್ರಸ್ಟಿಗೆ ಒಪ್ಪಿಸಿದರು. ಅದು ಇಂದಿಗೂ ನಡೆಯುತ್ತಿದೆ. ಪ್ರಭಾವ ಉಳಿದದ್ದರಲ್ಲಿ ಪ್ರಸಂಗಕ್ಕಿಂತ ಈ ಏರ್ಪಾಟಿನ ಪಾಲೇ ದೊಡ್ಡದೆಂದು ನನಗೆ ತೋರುತ್ತದೆ.

ತುಂಗಾತೀರ (ತೀರ್ಥಹಳ್ಳಿ):
ಇಬ್ಬರಿಗೂ ಕೃತಜ್ಞತೆಗಳು. ಕಿಟ್ಟೆಲ್ ಅವರನ್ನು ಸಿಮಿಯೋನ್ ಜೊತೆ ನೇರವಾಗಿ ಜೋಡಿಸಿ ಎರಡು ಪುಟ ಬರೆದಿಟ್ಟಿದ್ದೆ. ಅದನ್ನು ತೆಗೆದು, 1813 ಮತ್ತು 1833ರ ಕಾಯ್ದೆಗಳಿಗೆ ಆ ಜಾಗ ಕೊಡುತ್ತೇನೆ.