ಓದುಗರ ಸ್ಪಂದನ: ಡ್ಯೂಟಿ ಬಿಟ್ಟು ಓದುವ ಮಗಳು

ಮಗಳ ಹೌಸ್ ಸರ್ಜನ್ಸಿ (ಎಂ.ಬಿ.ಬಿ.ಎಸ್. ನಂತರದ ಇಂಟರ್ನ್‌ಶಿಪ್) ಮುಗಿಯಲು ನಾಲ್ಕು ತಿಂಗಳಿದೆ. ವೈದ್ಯಕೀಯ ಸ್ನಾತಕೋತ್ತರ ಪ್ರವೇಶ ಪರೀಕ್ಷೆ ನೀಟ್ ಪಿ.ಜಿ.ಗೆ ಓದಲೆಂದು ರಾತ್ರಿ ಡ್ಯೂಟಿ ತಪ್ಪಿಸುತ್ತಾಳೆ, ಹಾಜರಿಗೆ ಗೆಳತಿಯಿಂದ ಸಹಿ ಹಾಕಿಸುತ್ತಾಳೆ. ತಡೆಯಲೋ, ಬಿಡಲೋ? ಹಾಸನದ ತಾಯಿಯೊಬ್ಬರು ಹೀಗೆ ಕೇಳಿದ್ದರು. ಬಂದ ಪತ್ರಗಳಲ್ಲಿ ಕೆಲವು ಇಲ್ಲಿವೆ. ಮೊದಲನೆಯದು ಉದ್ದವಿದ್ದರೂ ಕತ್ತರಿಸಿಲ್ಲ.

ತಾಯಿ, ಇಂಟರ್ನ್‌ಶಿಪ್ 12 ತಿಂಗಳು, ಅದರಲ್ಲಿ ರಜೆ ಹೆಚ್ಚೆಂದರೆ 15 ದಿನ. ಮೀರಿದರೆ ಎಕ್ಸ್‌ಟೆನ್ಷನ್, ಅಂದರೆ ತಪ್ಪಿದ ದಿನಗಳನ್ನು ಕೊನೆಯಲ್ಲಿ ಮಾಡಿಕೊಡಬೇಕು. ಇಂಟರ್ನ್‌ಶಿಪ್ ಮುಗಿದಿರಬೇಕಾದ ಕೊನೆಯ ದಿನಾಂಕ ನೀಟ್ ಪಿ.ಜಿ. ಪ್ರಕಟಣೆಯಲ್ಲೇ ಇರುತ್ತದೆ. ಎಕ್ಸ್‌ಟೆನ್ಷನ್ ಅದನ್ನು ದಾಟಿತೋ, ಎಂಥ ರ‍್ಯಾಂಕ್ ಬಂದರೂ ಆ ವರ್ಷ ಸೀಟಿಲ್ಲ.

ಪರೀಕ್ಷೆಗೆ 200 ಪ್ರಶ್ನೆ. ಸರಿಯಾದರೆ 4 ಅಂಕ, ತಪ್ಪಿದರೆ 1 ಕಡಿತ. 2024ರಿಂದ 40 ಪ್ರಶ್ನೆಗಳ ಐದು ಭಾಗ, ಒಂದಕ್ಕೆ 42 ನಿಮಿಷ. ಮುಗಿದ ಭಾಗಕ್ಕೆ ಮರಳುವಂತಿಲ್ಲ. ದಿನವಿಡೀ ವಿಡಿಯೊ ಪಾಠ ನೋಡಿದರೆ ಈ ವೇಗ ಬರುವುದಿಲ್ಲ. ಗಡಿಯಾರ ಮುಂದಿಟ್ಟುಕೊಂಡು 40 ಪ್ರಶ್ನೆ ಬಿಡಿಸಲಿ, ತಪ್ಪಿದ್ದನ್ನಷ್ಟೇ ನೋಟ್ಸ್‌ನಲ್ಲಿ ತಿರುವಿ ಹಾಕಲಿ. ಡ್ಯೂಟಿ ಇದ್ದ ದಿನವೂ ಇಷ್ಟು ಆಗುತ್ತದೆ. ನೈಟ್ ಮುಗಿಸಿ ಬಂದ ಬೆಳಿಗ್ಗೆ ಮಾತ್ರ ಪುಸ್ತಕ ಬೇಡ, ನಿದ್ದೆ ಮಾಡಲಿ.

ಅವಳು ಬಿಡುತ್ತಿರುವುದು ಕ್ಯಾಜುವಾಲ್ಟಿಯನ್ನು (ತುರ್ತು ಚಿಕಿತ್ಸೆಯ ವಿಭಾಗ), ನನಗೆ ಸಂಕಟವಾಗುವುದು ಅದಕ್ಕೇ. ಸಕ್ಕರೆ ವಿಪರೀತ ಏರಿ, ಉಸಿರು ಆಳವಾಗಿ ಎಳೆಯುತ್ತಾ ಡಿ.ಕೆ.ಎ. (ಸಕ್ಕರೆ ಕಾಯಿಲೆಯಲ್ಲಿ ರಕ್ತ ಆಮ್ಲೀಯವಾಗುವ ತುರ್ತು ಸ್ಥಿತಿ) ರೋಗಿ ಬರುತ್ತಾರೆ. ಮೊದಲು ಸಲೈನ್. ರಕ್ತದ ಪೊಟ್ಯಾಸಿಯಂ ಮಟ್ಟ ನೋಡದೆ ಇನ್ಸುಲಿನ್ ಕೊಡುವಂತಿಲ್ಲ. ಇನ್ಸುಲಿನ್ ರಕ್ತದ ಪೊಟ್ಯಾಸಿಯಂ ಅನ್ನು ಜೀವಕೋಶದೊಳಕ್ಕೆ ತಳ್ಳುತ್ತದೆ. ಮೊದಲೇ ಕಡಿಮೆ ಇದ್ದರೆ ಹೃದಯದ ಬಡಿತ ದಿಕ್ಕು ತಪ್ಪಬಹುದು. ಪುಸ್ತಕದಲ್ಲಿ ಓದಿ ಮರೆಯುವ ಈ ಮಾತು, ಬೆಡ್ ಪಕ್ಕ ನಿಂತು ಲ್ಯಾಬ್ ರಿಪೋರ್ಟಿಗೆ ಕಾದವರಿಗೆ ಮರೆಯುವುದಿಲ್ಲ. ಮೆಡಿಸಿನ್ ಪಿ.ಜಿ. ಸೇರಿದರೆ ಮೊದಲ ವಾರವೇ ಇಂಥ ರೋಗಿ ಅವಳ ಕೈಗೆ ಬರಬಹುದು.
— ಮೆಡಿಸಿನ್ ಪ್ರಾಧ್ಯಾಪಕರು, ಮೈಸೂರು

ಗೆಳತಿ ಹಾಕುವುದು ಕಳ್ಳಸಹಿ. ಸಿಕ್ಕಿಬಿದ್ದರೆ ಇಬ್ಬರ ಸರ್ಟಿಫಿಕೇಟೂ ನಿಲ್ಲಬಹುದು. ಇಂದೇ ನಿಲ್ಲಿಸಿ.
— ನಿವೃತ್ತ ನರ್ಸಿಂಗ್ ಸೂಪರಿಂಟೆಂಡೆಂಟ್, ದಾವಣಗೆರೆ

ಮಾತು ಖಾರವಾದರೂ ಅಲ್ಲಗಳೆಯುವಂತಿಲ್ಲ. ಮುಂದಿನ ಪತ್ರ ತಾಯಿ ಕೇಳದ, ಆದರೆ ಬೇಕೇ ಬೇಕಾದ ವಿಷಯದ್ದು.

ಒಂದೊಂದು ವಿಭಾಗದ ಪೋಸ್ಟಿಂಗ್ ಮುಗಿದ ದಿನವೇ, ಮಾಡಿದ ಕೆಲಸ ದಾಖಲಿಸುವ ಲಾಗ್‌ಬುಕ್‌ಗೆ ಯೂನಿಟ್ ಚೀಫ್ ಸಹಿ ಹಾಕಿಸಿಕೊಳ್ಳಲಿ. ಅವರು ವರ್ಗವಾಗಿ ಹೋದರೆ ಅಲೆದಾಟ ತಪ್ಪದು. ಲೈಬ್ರರಿ, ಹಾಸ್ಟೆಲ್ ನೋ ಡ್ಯೂ (ಬಾಕಿ ಇಲ್ಲವೆಂಬ ಪತ್ರ) ಕೊನೆಯ ವಾರಕ್ಕೆ ಇಡಬೇಡಿ. ಕಂಪ್ಲೀಷನ್ ಸರ್ಟಿಫಿಕೇಟ್ ಬಂದ ಕೂಡಲೇ ಕರ್ನಾಟಕ ಮೆಡಿಕಲ್ ಕೌನ್ಸಿಲ್‌ನಲ್ಲಿ ಕಾಯಂ ನೋಂದಣಿಗೆ ಅರ್ಜಿ ಹಾಕಲಿ. ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲೂ ಆಧಾರ್‌ನಲ್ಲೂ ಇನಿಷಿಯಲ್ ಒಂದೇ ಇದೆಯೇ, ಈಗಲೇ ನೋಡಿ. ಸೀಟು ಹಂಚುವವರು ಅಖಿಲ ಭಾರತ ಕೋಟಾಕ್ಕೆ ಎಂ.ಸಿ.ಸಿ. (ಮೆಡಿಕಲ್ ಕೌನ್ಸೆಲಿಂಗ್ ಕಮಿಟಿ), ರಾಜ್ಯದ ಸೀಟಿಗೆ ಕೆ.ಇ.ಎ. (ಕರ್ನಾಟಕ ಪರೀಕ್ಷಾ ಪ್ರಾಧಿಕಾರ): ಎರಡಕ್ಕೂ ಬೇರೆ ಬೇರೆ ನೋಂದಣಿ.
— ಕಾಲೇಜು ಕಚೇರಿ ಸಿಬ್ಬಂದಿ, ಹುಬ್ಬಳ್ಳಿ

ತಾಯಿಯ ಪ್ರಶ್ನೆಗೆ ನೇರ ಉತ್ತರ ಈ ಪತ್ರದಲ್ಲಿದೆ.

ತಡೆಯಿರಿ ಅಮ್ಮಾ, ಆದರೆ ಬೈಯಬೇಡಿ. ಡ್ಯೂಟಿ ತಪ್ಪಿಸುವ ಬದಲು ಅದಲುಬದಲು ಮಾಡಿಕೊಳ್ಳಲಿ. ಎರಡು ಹೆಸರು, ಎರಡು ದಿನಾಂಕ ಬರೆದು ಯೂನಿಟ್ಟಿನ ಸೀನಿಯರ್ ಪಿ.ಜಿ.ಗೆ ತೋರಿಸಿ ಒಪ್ಪಿಗೆ ಪಡೆಯಲಿ. ಉಳಿದ ರಜೆಯನ್ನು ಈಗಲೇ ಖರ್ಚು ಮಾಡದೆ ಪರೀಕ್ಷೆಯ ಹಿಂದಿನ ವಾರಕ್ಕೆ ಒಟ್ಟಿಗೆ ಕೇಳಲಿ, ಅರ್ಜಿ ಒಂದು ತಿಂಗಳು ಮೊದಲೇ ಕೊಡಲಿ. ಕಡೇ ಗಳಿಗೆಯಲ್ಲಿ ಎಲ್ಲರೂ ಅದೇ ವಾರ ಕೇಳುತ್ತಾರೆ.
— ಪಿ.ಜಿ. ವಿದ್ಯಾರ್ಥಿನಿ, ಬೆಳಗಾವಿ